ಹತ್ತು ವರ್ಷ ದುಡಿದವರು ಯಾಕೆ ಬಿಟ್ಟು ಹೋಗುತ್ತಾರೆ?

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಸಣ್ಣದೊಂದು ಸ್ವಯಂಸೇವಾ ಸಂಸ್ಥೆ ನಡೆಸುತ್ತೇವೆ. ಹೊಸಬರು ಸಿಗುತ್ತಾರೆ. ಹತ್ತು ವರ್ಷ ಅನುಭವ ಆದವರೇ ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ದೊಡ್ಡ ಸಂಬಳ ಕೊಡುವ ಶಕ್ತಿ ನಮಗಿಲ್ಲ. ಏನು ಮಾಡಬೇಕು?

ಉತ್ತರ: ಹಳಬರೊಬ್ಬರು ಹೋದಾಗ ಅವರ ಜೊತೆ ಏನೇನು ಹೋಗುತ್ತದೆ, ಮೊದಲು ಅದನ್ನು ನೋಡೋಣ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಹೆಣ್ಣುಮಕ್ಕಳಲ್ಲಿ ಶೇ 41.38. ರಾಜ್ಯದಲ್ಲೇ ಕಡಿಮೆ. ಇಂಥ ಕಡೆ ಮಗುವನ್ನು ಶಾಲೆಗೆ ಕರೆತರಬೇಕಾದರೆ ಮನೆಯವರ ಗುರುತು ಇರಬೇಕು. ಯಾವ ತಾಂಡಾದವರು ಯಾವಾಗ ಗುಳೆ ಹೋಗುತ್ತಾರೆ, ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಲು ಯಾರು ಹೇಳಿದರೆ ಕೇಳುತ್ತಾರೆ, ಗುರುಮಠಕಲ್ ಕಡೆ ತೆಲುಗು ಮನೆಮಾತಿನ ಮಗು ಕನ್ನಡ ಓದುವಾಗ ಎಲ್ಲಿ ತಡವರಿಸುತ್ತದೆ, ಇದೆಲ್ಲ ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ. ನಿಮ್ಮ ಆ ಹಳೆಯ ಅಕ್ಕನ ತಲೆಯಲ್ಲಿ ಇರುತ್ತದೆ.

ಅವರಿಗೆ ಈಗ ನಲವತ್ತರ ಹತ್ತಿರ. ಮಕ್ಕಳು ಹೈಸ್ಕೂಲಿಗೆ ಬಂದಿದ್ದಾರೆ. ಅತ್ತೆಗೆ ಔಷಧಿ ತರಬೇಕು. "ಮಾರ್ಚ್ ಆದಮೇಲೆ ಪ್ರಾಜೆಕ್ಟ್ ಇರುತ್ತಾ?" ಎಂಬ ಪ್ರಶ್ನೆ ಇಪ್ಪತ್ತೈದರಲ್ಲಿ ಸುಮ್ನೆ ಬಂದು ಹೋಗುತ್ತಿತ್ತು, ಈಗ ನಿದ್ದೆ ಕೆಡಿಸುತ್ತದೆ. ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಅದರ ನಿಯಮದಲ್ಲಿ ಬಹುವರ್ಷದ ಯೋಜನೆಗೂ, ಶುರುವಾದ ವರ್ಷ ಬಿಟ್ಟರೆ, 3 ವರ್ಷವೇ ಮಿತಿ. ಅದನ್ನು ನೀವು ಬದಲಿಸಲಾರಿರಿ. ಆದರೆ ಮುಂದಿನ ವರ್ಷದ ಸ್ಥಿತಿಯನ್ನು ಡಿಸೆಂಬರ್‌ನಲ್ಲೇ ಮುಚ್ಚುಮರೆ ಇಲ್ಲದೆ ಹೇಳಬಹುದು, ಅಲ್ವಾ?

ಪಿಎಫ್ ಬಗ್ಗೆಯೂ ಗಮನ ಕೊಡಿ. 20 ಜನ ಇದ್ದರೆ ಅದು ಕಡ್ಡಾಯ. ಕಡಿಮೆ ಇದ್ದರೂ ತಾವಾಗಿಯೇ ಸೇರಬಹುದು. ಅದರ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಕೆಲಸ ಬದಲಾದಾಗಲೆಲ್ಲ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಜೊತೆಗೆ ಕೂತು ಸಹಾಯ ಮಾಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬಡ್ತಿ. ನಮ್ಮಲ್ಲಿ ಬಡ್ತಿ ಎಂದರೆ ಊರು ಬಿಟ್ಟು ಕಲಬುರಗಿಯ ಆಫೀಸಿಗೆ ಹೋಗುವುದು, ಎಕ್ಸೆಲ್ ತುಂಬುವುದು. ನಾನೂ ಹಾಗೇ ಕೋಆರ್ಡಿನೇಟರ್ ಆದೆ. ಎರಡು ವರ್ಷದಲ್ಲಿ ಮಕ್ಕಳ ಹೆಸರೇ ಮರೆತುಹೋಯಿತು. ಆಮೇಲೆ ಕೆಲಸ ಬಿಟ್ಟೆ. ಊರಲ್ಲೇ ಇದ್ದು ಮೇಲೇರುವ ದಾರಿಯೊಂದನ್ನು ಮಾಡಿ. ಅವರು ವಾರಕ್ಕೆ ನಾಲ್ಕು ದಿನ ಫೀಲ್ಡಿನಲ್ಲಿ ಇರಲಿ, ಒಂದು ದಿನ ಹೊಸಬರಿಗೆ ಕಲಿಸಲಿ. ಸಂಬಳ ಕೋಆರ್ಡಿನೇಟರ್‌ಗೆ ಸಮ ಇರಲಿ. ದಾನಿಗಳಿಗೆ ಕಳಿಸುವ ಬಜೆಟ್ಟಿನಲ್ಲಿ ಇದಕ್ಕೆ ಬೇರೆಯೇ ಸಾಲು ಹಾಕಿ, ಕಾರಣವನ್ನೂ ಬರೆಯಿರಿ. ಪೆಟ್ರೋಲ್ ಖರ್ಚು, ಕೊನೆಯ ಬಸ್ಸಿಗೆ ಮೊದಲೇ ಹೊರಡುವ ಅನುಮತಿ, ಇವನ್ನು ಅವರು ಕೇಳುವವರೆಗೂ ಕಾಯಬೇಡಿ.

ಇನ್ನೊಂದು ವಿಷಯ. ನಾನು ಬಿಡುತ್ತೇನೆ ಅಂದ ದಿನವೇ ನನ್ನನ್ನು ಮೊದಲ ಸಲ ಕೂರಿಸಿ, "ನಿಮಗೆ ಏನು ಬೇಕಿತ್ತು?" ಎಂದು ಕೇಳಿದರು. ನೀವು ಈ ತಿಂಗಳೇ ಕೇಳಿ.