ಗುಜರಿಯ ನಡುವೆ ಲೋಹಶೋಧಕ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಿತು. ಎಕ್ಸ್-ಕಿರಣಗಳು ಇನ್ನೂ ಪತ್ತೆಯಾಗಿರದ ಆ ಕಾಲದಲ್ಲಿ, ದೇಹದೊಳಗೆ ಉಳಿದ ಗುಂಡನ್ನು ಹುಡುಕಲು ಟೆಲಿಫೋನಿನ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿ ಸುರುಳಿಗಳ ಒಂದು ಯಂತ್ರವನ್ನು ಸಿದ್ಧಪಡಿಸಿದರು. ಪ್ರಯೋಗಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿದ ಆ ಯಂತ್ರ, ಶ್ವೇತಭವನದಲ್ಲಿ ರೋಗಿಯ ಮೈಮೇಲೆ ಹಿಡಿದಾಗ ಅಗಲವಾದ ಜಾಗದುದ್ದಕ್ಕೂ ಸದ್ದು ಮಾಡಿ ಗೊಂದಲ ಹುಟ್ಟಿಸಿತು. ಹಾಸಿಗೆಯಡಿ ಉಕ್ಕಿನ ತಂತಿಗಳಿದ್ದುದು ಆಮೇಲೆ ತಿಳಿಯಿತು. ಮುಖ್ಯ ವೈದ್ಯರು ದೇಹದ ಬಲಭಾಗದಲ್ಲಷ್ಟೇ ಹುಡುಕಲು ಬಿಟ್ಟಿದ್ದರೆಂಬುದೂ, ಗುಂಡು ಬೆನ್ನುಮೂಳೆಯ ಎಡಕ್ಕಿತ್ತೆಂಬುದೂ ಬೇರೆ ಮಾತು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು.

ಇಂದಿಗೂ ಹಳೆಯ ಸಂತೆಮಾಳಗಳಲ್ಲಿ, ಕೆಡವಿದ ಮನೆಗಳ ಜಾಗಗಳಲ್ಲಿ, ಜನ ನೆರೆಯುವ ಕಡಲತೀರಗಳಲ್ಲಿ ಲೋಹಶೋಧಕ ಹಿಡಿದವರನ್ನು ಕಾಡುವುದು ಇದೇ ತೊಡಕು: ಬೇಡದ ಲೋಹದ ಸದ್ದಿನಲ್ಲಿ ಬೇಕಾದ ಲೋಹ ಮುಚ್ಚಿಹೋಗುವುದು. ಹೆಚ್ಚು ಬೆಲೆಯ ಯಂತ್ರ ಕೊಂಡರೆ ಕಸವನ್ನು ಬಿಟ್ಟು ಚಿನ್ನವನ್ನಷ್ಟೇ ತೋರಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ನಿಧಿಯ ಆಸೆಗೆ ಬಿದ್ದವರಲ್ಲೂ ಬಲವಾಗಿದೆ. ಆದರೆ ನೆಲದೊಳಗಿರುವುದು ಯಾವ ಲೋಹವೆಂದು ಯಂತ್ರಕ್ಕೆ ನೇರವಾಗಿ ತಿಳಿಯುವುದೇ ಇಲ್ಲ.

ಯಂತ್ರದ ಸುರುಳಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕಿಳಿಸುತ್ತದೆ. ಲೋಹದಲ್ಲಿ ಅದರಿಂದ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹದ ಕಾಂತಕ್ಷೇತ್ರವೇ ಮರಳಿ ಬಂದು, ಸಂಕೇತವನ್ನು ಹಿಡಿಯುವ ಗ್ರಾಹಕ ಸುರುಳಿಯನ್ನು ತಟ್ಟುತ್ತದೆ. ಸುಳಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲೇ ಎಲ್ಲವೂ ಅಡಗಿದೆ: ದೊಡ್ಡ ಕಂಚಿನ ಗಂಟೆಯ ನಾದ ಬಹಳ ಹೊತ್ತು ನಿಂತು, ಕಿರುಗೆಜ್ಜೆಯ ನಾದ ಥಟ್ಟನೆ ಅಡಗುವಂತೆ, ದಪ್ಪನೆಯ ಬೆಳ್ಳಿ ನಾಣ್ಯದಲ್ಲಿ ಸುಳಿ ತಡವಾಗಿ ಆರುತ್ತದೆ, ತೆಳುವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಹುಟ್ಟಿದೊಡನೆ ಆರುತ್ತದೆ. ಈ ತಡವನ್ನು ಯಂತ್ರ ಅಳೆದು, ಪರದೆಯ ಮೇಲೆ ಒಂದು ಸಂಖ್ಯೆಯಾಗಿಯೋ ಕಿವಿಗೆ ಒಂದು ಸ್ವರವಾಗಿಯೋ ಒಪ್ಪಿಸುತ್ತದೆ. ತಡವೆಂಬುದು ಲೋಹದ ವಾಹಕತೆಯ, ಅಂದರೆ ವಿದ್ಯುತ್ತನ್ನು ಹರಿಯಗೊಡುವ ಗುಣದ, ಜೊತೆಗೆ ವಸ್ತುವಿನ ಗಾತ್ರ, ದಪ್ಪ, ಆಕಾರಗಳನ್ನೂ ಅವಲಂಬಿಸಿದೆ. ಹೀಗಾಗಿ ಚಿನ್ನದ ಸಣ್ಣ ಉಂಗುರವೂ ತಂಪು ಪಾನೀಯದ ಡಬ್ಬಿಯ ಬಾಯಿ ತೆರೆಯಲು ಎಳೆದು ಕಿತ್ತೆಸೆದ ಅಲ್ಯೂಮಿನಿಯಂ ಬಳೆಯೂ ಒಂದೇ ಸಂಖ್ಯೆಯನ್ನು ತೋರಿಸಬಹುದು. ಆ ಬಳೆಗಳು ಕೇಳಿಸದಂತೆ ಯಂತ್ರವನ್ನು ಹೊಂದಿಸಿಕೊಂಡವರು ಉಂಗುರಗಳನ್ನೂ ನೆಲಕ್ಕೇ ಬಿಟ್ಟುಬರುತ್ತಾರೆ.

ಕಬ್ಬಿಣದ ವಿಷಯ ಇನ್ನೂ ಜಟಿಲ. ಅದು ತಾನೇ ಕಾಂತವಾಗುವುದರಿಂದ ಅದರ ಸಂಕೇತದ ಸ್ವರೂಪವೇ ಬೇರೆ, ಮೊಳೆಯನ್ನು ಗುರುತಿಸುವುದು ಸಾಮಾನ್ಯವಾಗಿ ಸುಲಭ. ಆದರೆ ಚಪ್ಪಟೆಯಾದ ವಾಷರಿನಲ್ಲೋ ಸೋಡಾ ಬಾಟಲಿಯ ಮುಚ್ಚಳದಲ್ಲೋ ಸುಳಿಗೆ ಸುತ್ತಲು ವಿಶಾಲವಾದ ಜಾಗ ಸಿಗುವುದರಿಂದ, ಕಬ್ಬಿಣವೇ ಒಳ್ಳೆಯ ಲೋಹದ ದನಿಯಲ್ಲಿ ಮೋಸ ಮಾಡುತ್ತದೆ. ಸುರುಳಿಯಡಿ ಮೊಳೆಯೂ ನಾಣ್ಯವೂ ಒಟ್ಟಿಗೆ ಬಂದರೆ ಎರಡರ ಸಂಕೇತಗಳೂ ಬೆರೆತು ಒಂದಾಗುತ್ತವೆ. ಚಿಕ್ಕ ವಸ್ತುವಿನ ಸಂಕೇತ ಆಳ ಹೆಚ್ಚಿದಂತೆ ದೂರದ ಆರನೆಯ ಘಾತದಲ್ಲಿ ಕುಗ್ಗುತ್ತದೆ. ಕಾಂತಕ್ಷೇತ್ರ ಇಳಿಯುವಾಗ ದೂರದ ಘನಕ್ಕೆ ತಕ್ಕಂತೆ ಕ್ಷೀಣಿಸಿ, ಮರಳುವಾಗ ಮತ್ತೆ ಅಷ್ಟೇ ಕ್ಷೀಣಿಸುವುದೇ ಇದಕ್ಕೆ ಕಾರಣ. ಸುರುಳಿಯ ಅಳತೆಗಿಂತ ಹೆಚ್ಚಿನ ದೂರದಲ್ಲಿ, ಆಳ ಎರಡು ಪಟ್ಟಾದರೆ ಸಂಕೇತ ಸುಮಾರು 64ನೇ ಒಂದಂಶಕ್ಕೆ ಇಳಿಯುತ್ತದೆ. ಹಾಗಾಗಿ ಮೇಲ್ಪದರದ ಒಂದು ತುಕ್ಕು ಮೊಳೆ, ಕೆಳಗಿನ ಬೆಳ್ಳಿಯನ್ನು ಪೂರ್ತಿಯಾಗಿ ಮರೆಮಾಡಬಲ್ಲದು. ಯಂತ್ರ ಸುಮ್ಮನಿದೆ ಎಂದರೆ ಕೆಳಗೆ ಏನೂ ಇಲ್ಲವೆಂದಲ್ಲ.

ಅನುಭವಿಗಳು ಇಂಥ ಜಾಗಗಳಲ್ಲಿ ದೊಡ್ಡ ಸುರುಳಿಯನ್ನು ಬಿಟ್ಟು ಅಂಗೈ ಅಗಲದ ಸುರುಳಿಯನ್ನು ಬಳಸುವುದು ಈ ಕಾರಣಕ್ಕೇ: ಆಳ ಕಡಿಮೆಯಾದರೂ ಒಮ್ಮೆಗೆ ಸುರುಳಿಯಡಿ ಬರುವ ಚೂರುಗಳು ಕಡಿಮೆ. ಅವರು ಸುರುಳಿಯನ್ನು ನಿಧಾನವಾಗಿ ಬೀಸುತ್ತಾರೆ, ಸೂಕ್ಷ್ಮತೆಯನ್ನು ತಗ್ಗಿಸುತ್ತಾರೆ, ಕಬ್ಬಿಣದ ದನಿಯನ್ನು ಮುಚ್ಚದೆ ಗೊಗ್ಗರು ಸ್ವರವಾಗಿ ಕೇಳಿಸಿಕೊಳ್ಳುತ್ತಾರೆ. ಸಂಶಯ ಬಂದಲ್ಲಿ ತೊಂಬತ್ತು ಡಿಗ್ರಿ ತಿರುಗಿ ನಿಂತು ಅದೇ ಜಾಗದ ಮೇಲೆ ಮತ್ತೆ ಬೀಸುತ್ತಾರೆ. ನಾಣ್ಯ ಎರಡೂ ಕಡೆಯಿಂದ ಒಂದೇ ಸ್ವರ ಕೊಟ್ಟರೆ, ಉದ್ದನೆಯ ಮೊಳೆಯ ಸ್ವರ ಒಡೆಯುತ್ತದೆ.

ಯಾವುದು ಗುಜರಿ ಎಂಬುದನ್ನು ಮಾತ್ರ ಯಂತ್ರ ನಿರ್ಧರಿಸಲಾರದು. 1876ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಮತ್ತು ಷಯೆನ್ ಯೋಧರು ಅಮೆರಿಕ ಸೇನೆಯ ಅಧಿಕಾರಿ ಕಸ್ಟರನ ಅಶ್ವದಳವನ್ನು ಸೋಲಿಸಿದ ಮೊಂಟಾನಾ ರಾಜ್ಯದ ಲಿಟಲ್ ಬಿಗ್‌ಹಾರ್ನ್ ಬಯಲಿನಲ್ಲಿ 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ನೇತೃತ್ವದ ಪುರಾತತ್ವ ತಂಡ ಸ್ವಯಂಸೇವಕರನ್ನು ಕೂಡಿಸಿಕೊಂಡು ಲೋಹಶೋಧಕಗಳೊಂದಿಗೆ ಬಯಲನ್ನು ಜಾಲಾಡಿತು. ಕಬ್ಬಿಣವನ್ನು ಕಸವೆಂದು ತಳ್ಳಿದ್ದರೆ ಬಾಣದ ಮೊನೆಗಳು ಕೈತಪ್ಪುತ್ತಿದ್ದವು. ಖಾಲಿ ತೋಟೆಗಳಿಗೂ ಗುಜರಿ ಅಂಗಡಿಯಲ್ಲಿ ಹೆಚ್ಚೇನೂ ಬೆಲೆಯಿಲ್ಲ. ಆದರೆ ಪ್ರತಿಯೊಂದೂ ಸಿಕ್ಕ ಜಾಗವನ್ನು ಗುರುತಿಸಿಟ್ಟು, ತೋಟೆಯನ್ನು ಬಡಿದು ಸಿಡಿಸುವ ಬಂದೂಕಿನ ಸೂಜಿ ಅದರ ಮೇಲೆ ಬಿಟ್ಟ ಗುರುತುಗಳನ್ನು ಹೋಲಿಸಿ ನೋಡಿದ್ದರಿಂದ, ಒಂದೇ ಬಂದೂಕು ಕದನದ ನಡುವೆ ಎಲ್ಲಿಂದ ಎಲ್ಲಿಗೆ ಸಾಗಿತೆಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ಸಾಧ್ಯವಾಯಿತು.