ನೀರು, ಒಳಚರಂಡಿ, ಕಸ: ಒಂದು ಲಕ್ಷ ಜನರ ಊರಿನ ಲೆಕ್ಕ

ನಗರಾಡಳಿತದ ಪಠ್ಯದಲ್ಲಿ ನೀರು ಸರಬರಾಜು, ಒಳಚರಂಡಿ, ಘನತ್ಯಾಜ್ಯ ಮೂರೂ ಬೇರೆ ಬೇರೆ ಅಧ್ಯಾಯಗಳು. ಊರಿನಲ್ಲಿ ಅವು ಒಂದಕ್ಕೊಂದು ತಗುಲಿಕೊಂಡೇ ಇರುತ್ತವೆ. ನಲ್ಲಿಯಲ್ಲಿ ಬಂದ ನೀರೇ ಒಳಚರಂಡಿಯ ಹೊಲಸನ್ನು ತಳ್ಳಬೇಕು. ಕಸದ ಗಾಡಿ ನಾಲ್ಕು ದಿನ ಬಾರದಿದ್ದರೆ ಕಸ ಬೀಳುವುದು ಚರಂಡಿಗೆ. ಚರಂಡಿ ಕಟ್ಟಿಕೊಂಡರೆ ಕೆಡುವುದು ಕುಡಿಯುವ ನೀರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕರ್ನಾಟಕದ ಒಂದು ಲಕ್ಷ ಜನರ ನಗರಸಭೆಯ ಲೆಕ್ಕ ಹಾಕೋಣ.

ಮೊದಲು ಹೊಣೆ ಯಾರದು ಎಂಬುದು. 1964ರ ಪುರಸಭೆಗಳ ಕಾಯ್ದೆಯ ಪ್ರಕಾರ 10ರಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ನಗರಸಭೆಗೆ ಪೌರಾಯುಕ್ತರು, ಉಳಿದೆರಡಕ್ಕೆ ಮುಖ್ಯಾಧಿಕಾರಿ. ದೊಡ್ಡ ನೀರಿನ ಯೋಜನೆ, ಒಳಚರಂಡಿ ಯೋಜನೆಗಳನ್ನು ಹೆಚ್ಚಾಗಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿ ಹಸ್ತಾಂತರಿಸಿದ ಮೇಲೆ ದಿನನಿತ್ಯ ನಡೆಸುವುದು ಸಾಮಾನ್ಯವಾಗಿ ನಗರಸಭೆಯ ತಲೆಗೆ. ವಿದ್ಯುತ್ ಎಸ್ಕಾಂನದು (ವಿದ್ಯುತ್ ಸರಬರಾಜು ಕಂಪನಿ), ಆದರೆ ಪಂಪಿನ ಬಿಲ್ಲು ಮತ್ತು ಬೀದಿದೀಪದ ಬಿಲ್ಲು ಕಟ್ಟಬೇಕಾದದ್ದು ನಗರಸಭೆಯೇ.

ನೀರು

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಕೇಂದ್ರದ 1999ರ ಕೈಪಿಡಿಯ ಮಾನದಂಡ. ಈ ವ್ಯತ್ಯಾಸ ಯಾಕೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ. ನಮ್ಮ ಊರಿಗೆ 1.35 ಕೋಟಿ ಲೀಟರ್ ಬೇಕು. ಸೋರಿಕೆಗೆಂದು ಶೇ 15 ಸೇರಿಸಿದರೆ ಮೂಲದಿಂದ ಎತ್ತಬೇಕಾದದ್ದು ಸುಮಾರು 1.55 ಕೋಟಿ ಲೀಟರ್.

ಪಂಪಿನ ದಕ್ಷತೆ ಶೇ 65 ಎಂದುಕೊಂಡರೆ ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಸುಮಾರು 0.42 ಯೂನಿಟ್ ವಿದ್ಯುತ್ ಬೇಕು. ಅಂದರೆ ದಿನಕ್ಕೆ 6,500 ಯೂನಿಟ್. ನದಿ ದೂರವಿದ್ದು ಎರಡು ಹಂತದಲ್ಲಿ ಎತ್ತುವ ಊರಿನಲ್ಲಿ ಇದು ಇನ್ನೂ ಏರುತ್ತದೆ. ಸೋರಿಹೋದ ನೀರಿಗೂ ಇಷ್ಟೇ ವಿದ್ಯುತ್ ಖರ್ಚಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಕ್ಲೋರಿನ್. ಹತ್ತು ಲಕ್ಷ ಲೀಟರ್‌ಗೆ ಒಂದು ಕೆಜಿ ಕ್ಲೋರಿನ್ ಹಾಕಿದರೆ ಲೀಟರ್‌ಗೆ 1 ಮಿಲಿಗ್ರಾಂ ಆಗುತ್ತದೆ. 2 ಮಿಲಿಗ್ರಾಂ ಬೇಕೆಂದರೆ ನಮ್ಮ ಊರಿಗೆ 31 ಕೆಜಿ ಶುದ್ಧ ಕ್ಲೋರಿನ್, ಶೇ 30 ಶಕ್ತಿಯ ಬ್ಲೀಚಿಂಗ್ ಪೌಡರ್ ಆದರೆ 100 ಕೆಜಿಗೂ ಸ್ವಲ್ಪ ಹೆಚ್ಚು. ಚೀಲ ಬಿಚ್ಚಿ ತೇವದ ಕೋಣೆಯಲ್ಲಿಟ್ಟ ಪುಡಿಯ ಶಕ್ತಿ ಬೇಗ ಇಳಿಯುತ್ತದೆ. ಅದು ಶೇ 15ಕ್ಕೆ ಬಂದಿದ್ದರೂ ಅಷ್ಟೇ ಚೀಲ ಸುರಿದರೆ ಅರ್ಧ ಪ್ರಮಾಣ ಮಾತ್ರ ಬಿದ್ದಂತೆ. ಹಾಗಾಗಿ ಎಷ್ಟು ಚೀಲ ಸುರಿದರು ಎಂಬ ಪುಸ್ತಕ ಸಾಲದು. ಲೈನಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪ್ (ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಣ್ಣ ಸಾಧನ) ಹಿಡಿದು ನೋಡಬೇಕು. ಅಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಉಳಿದಿದ್ದರೆ ಸರಿ.

ಮೂರು ದಿನಕ್ಕೊಮ್ಮೆ ಎರಡು ಗಂಟೆ ನೀರು ಬಿಡುವ ಊರಿನಲ್ಲಿ ಕಷ್ಟ ಬೇರೆಯೇ ತರಹದ್ದು. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಮನೆಗೆ ಹೋಗುವ ಸಣ್ಣ ಪೈಪು ಎಷ್ಟೋ ಬೀದಿಗಳಲ್ಲಿ ತೆರೆದ ಚರಂಡಿಯೊಳಗಿಂದಲೇ ಹಾದುಹೋಗುತ್ತದೆ. ಕೀಲಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ವಾಸನೆ, ಬಣ್ಣ ಬರುವುದು ಇದರಿಂದಲೇ. ವಾಂತಿಭೇದಿ ಹಬ್ಬಿದಾಗ ಮೇಲ್ಮಟ್ಟದ ಟ್ಯಾಂಕ್ ತೊಳೆಸುವುದು ವಾಡಿಕೆ, ಆದರೆ ಮೊದಲು ಹುಡುಕಬೇಕಾದದ್ದು ಚರಂಡಿ ದಾಟುವ ಪೈಪುಗಳನ್ನು. ಅವನ್ನು ಚರಂಡಿಯ ಮೇಲಿನಿಂದ, ಹೊರಕವಚದೊಳಗೆ ಹಾಯಿಸಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ 2008ರ ಹೊತ್ತಿಗೆ 24 ಗಂಟೆ ನೀರು ಕೊಟ್ಟು ತೋರಿಸಿದ್ದರ ನಿಜವಾದ ಬೆಲೆ ಇಲ್ಲಿದೆ: ಪೈಪಿನಲ್ಲಿ ಒತ್ತಡ ಸದಾ ಇದ್ದರೆ ಸೋರಿಕೆ ಹೊರಕ್ಕಾಗುತ್ತದೆಯೇ ಹೊರತು ಒಳಕ್ಕಲ್ಲ.

ಒಳಚರಂಡಿ

ಕೊಟ್ಟ ನೀರಿನ ಶೇ 80 ಒಳಚರಂಡಿಗೆ ಬರುತ್ತದೆ ಎಂದು ಲೆಕ್ಕ, ನಮ್ಮ ಊರಿನಲ್ಲಿ ಸುಮಾರು 1.08 ಕೋಟಿ ಲೀಟರ್. ಕೊಳವೆಯಲ್ಲಿ ಕೆಸರು ಕೂರದಿರಲು ಹರಿವಿನ ವೇಗ ಸೆಕೆಂಡಿಗೆ ಕನಿಷ್ಠ 0.6 ಮೀಟರ್ ಇರಬೇಕು. 135 ಲೀಟರ್ ಎಂದು ವಿನ್ಯಾಸ ಮಾಡಿ 60 ಲೀಟರ್ ಕೊಟ್ಟರೆ ಆ ವೇಗ ಬರುವುದೇ ಇಲ್ಲ. ಒಳಚರಂಡಿ ಹೊಸದಾಗಿ ಹಾಕಿದ ಊರಿನಲ್ಲೂ ಮ್ಯಾನ್‌ಹೋಲ್ ಉಕ್ಕುವುದಕ್ಕೆ ನೀರಿನ ಕೊರತೆಯೂ ಒಂದು ಕಾರಣ. ಮಳೆಗಾಲದಲ್ಲಿ ಕಾರಣ ತಿರುಗುಮುರುಗು: ತಾರಸಿಯ ಮಳೆನೀರನ್ನು ಮನೆಯವರು ಒಳಚರಂಡಿಗೇ ಕೂಡಿಸಿರುತ್ತಾರೆ. ಹೋಟೆಲ್ ಸಾಲಿನಲ್ಲಿ ಕಟ್ಟಿಕೊಂಡರೆ ಜಿಡ್ಡನ್ನು, ವಸತಿ ಬೀದಿಯಲ್ಲಾದರೆ ಬಟ್ಟೆ, ಪ್ಯಾಡುಗಳನ್ನು ಅನುಮಾನಿಸಿ.

ಬ್ಲಾಕ್ ತೆಗೆಯುವ ಕ್ರಮ: ತುಂಬಿದ ಮ್ಯಾನ್‌ಹೋಲ್‌ನಿಂದ ಇಳಿಜಾರಿನ ಕಡೆಗೆ ಒಂದೊಂದೇ ಮುಚ್ಚಳ ತೆರೆಯುತ್ತಾ ಹೋಗಿ. ಮೊದಲ ಖಾಲಿ ಮ್ಯಾನ್‌ಹೋಲ್ ಸಿಕ್ಕಿದರೆ ಬ್ಲಾಕ್ ಅದಕ್ಕೂ ಅದರ ಮೇಲಿನದಕ್ಕೂ ನಡುವೆ ಇದೆ. ಆ ಖಾಲಿ ಮ್ಯಾನ್‌ಹೋಲ್‌ನಿಂದ ಮೇಲಕ್ಕೆ, ರಭಸವಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಪೈಪು ಬಿಡಬೇಕು. ಒಳಗೆ ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಸುರಕ್ಷಾ ಸಾಧನವಿಲ್ಲದೆ ಇಳಿಸುವುದನ್ನು ಅಪರಾಧವೆನ್ನುತ್ತದೆ, ಮತ್ತು ಒಳಗಿನ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುವುದರಿಂದ ‘ವಾಸನೆ ಇಲ್ಲ, ಇಳಿಯಬಹುದು’ ಎಂಬ ಮಾತು ಪ್ರಾಣ ತೆಗೆಯುತ್ತದೆ.

ಒಳಚರಂಡಿ ಇಲ್ಲದ ಊರುಗಳು ದೇವನಹಳ್ಳಿಯನ್ನು ಓದಬೇಕು. ಅಲ್ಲಿ 2015ರಲ್ಲಿ ದಿನಕ್ಕೆ 6 ಸಾವಿರ ಲೀಟರ್ ಮಲಕೆಸರು ಸಂಸ್ಕರಿಸುವ ಘಟಕ ಶುರುವಾಯಿತು. ಸಕ್ಕಿಂಗ್ ಗಾಡಿ ಶೌಚಗುಂಡಿಯಿಂದ ಎತ್ತಿದ್ದನ್ನು ಹೊಲಕ್ಕೋ ಕೆರೆಗೋ ಸುರಿಯದೆ ಇಲ್ಲಿಗೆ ತರುತ್ತದೆ. ಇಳಿಜಾರಿನಲ್ಲೇ ಹರಿದು, ಕೊಳೆತು, ಒಣಗುವ ಹಾಸಿಗೆಗೆ ಬರುತ್ತದೆ. ಒಣಗಿದ ಕೆಸರನ್ನು ಊರಿನ ಹಸಿಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಒಂದೆರಡು ಗಾಡಿಯ ಸಾಮರ್ಥ್ಯವಷ್ಟೇ ಆದ್ದರಿಂದ ಎರಡು-ಮೂರು ವರ್ಷಕ್ಕೊಮ್ಮೆ ಸರದಿಯಂತೆ ಗುಂಡಿ ಖಾಲಿ ಮಾಡಿಸುವ ವೇಳಾಪಟ್ಟಿ ಇರಲೇಬೇಕು. ಗುಂಡಿ ತುಂಬಿ ಉಕ್ಕಿದ ಮೇಲೆ ಫೋನ್ ಮಾಡುವ ಪದ್ಧತಿಯಲ್ಲಿ ಘಟಕ ಒಂದು ವಾರ ಖಾಲಿ, ಇನ್ನೊಂದು ವಾರ ತುಂಬಿ ತುಳುಕುತ್ತದೆ.

ಕಸ

ತಲೆಗೆ 350 ಗ್ರಾಂ ಹಿಡಿದರೆ ದಿನಕ್ಕೆ 35 ಟನ್, ಅದರಲ್ಲಿ ಅರ್ಧದಷ್ಟು ಹಸಿ. 700 ಜನರಿಗೆ ಒಬ್ಬರು ಎಂಬ ರಾಜ್ಯದ ಮಾನದಂಡದಂತೆ 143 ಪೌರಕಾರ್ಮಿಕರು ಬೇಕು. ಮನೆಗೆ ನಾಲ್ಕೂವರೆ ಜನರೆಂದು ಹಿಡಿದು, ಒಂದು ಆಟೋ ಟಿಪ್ಪರ್‌ಗೆ ಸಾವಿರ ಮನೆ ಎಂದರೆ ಸುಮಾರು 22 ಗಾಡಿ. ಒಂದೆರಡು ಹೆಚ್ಚುವರಿ ಇಲ್ಲದಿದ್ದರೆ ಒಂದು ಗಾಡಿಯ ಟೈರ್ ಪಂಕ್ಚರ್ ಆದ ದಿನ ಒಂದು ವಾರ್ಡಿನ ಕಸ ಮೂಲೆಯಲ್ಲಿ ರಾಶಿಯಾಗುತ್ತದೆ, ಮರುದಿನದಿಂದ ಅದೇ ಮೂಲೆ ಖಾಯಂ ತಿಪ್ಪೆ.

ವಿಂಗಡಣೆ ನಿಲ್ಲುವುದೂ ಬೀಳುವುದೂ ಗಾಡಿಯಲ್ಲೇ. ಮನೆಯವರು ಎರಡು ಬಕೆಟ್‌ನಲ್ಲಿ ಕೊಟ್ಟದ್ದು ಒಂದೇ ತೊಟ್ಟಿಗೆ ಬಿದ್ದದ್ದನ್ನು ಕಂಡರೆ ಮತ್ತೆ ವಿಂಗಡಿಸುವುದಿಲ್ಲ. ಟಿಪ್ಪರ್‌ನೊಳಗೆ ಗಟ್ಟಿಯಾದ ಅಡ್ಡಹಲಗೆ ಇರಬೇಕು.

ಗೊಬ್ಬರಕ್ಕೆಂದು ಉದ್ದಕ್ಕೆ ಪೇರಿಸುವ ಹಸಿಕಸದ ಸಾಲುರಾಶಿ ಒಂದೂವರೆಯಿಂದ ಎರಡು ಮೀಟರ್ ಎತ್ತರ, ತೇವ ಶೇ 50–60, ವಾರಕ್ಕೊಮ್ಮೆ ಮಗುಚುವುದು. ಮೂರ್ನಾಲ್ಕು ದಿನದಲ್ಲಿ ಒಳಗೆ 55 ಡಿಗ್ರಿ ದಾಟಬೇಕು. ಬಿಸಿಯೇರದಿದ್ದರೆ ಒಣಗಿದೆ ಇಲ್ಲವೇ ರಾಶಿ ಚಿಕ್ಕದಾಗಿದೆ. ಕೊಳೆತ ನಾತ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ. ಒಣ ಎಲೆ ಬೆರೆಸಿ ಮಗುಚಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಜಿನುಗಿದರೆ ತೇವ ಹದವಾಗಿದೆ. ನಾಲ್ಕೈದು ವಾರದ ನಂತರ ಕೆಲವು ವಾರ ಮಾಗಲು ಬಿಟ್ಟು 4 ಮಿಲಿಮೀಟರ್ ಜರಡಿ ಹಿಡಿಯಬೇಕು. ಗಾಜಿನ ಚೂರು ಬೆರೆತ ಗೊಬ್ಬರವನ್ನು ರೈತರು ಎರಡನೇ ಸಲ ಒಯ್ಯುವುದಿಲ್ಲ.

ಅಭ್ಯಾಸಕ್ಕೆ: ನಿಮ್ಮ ಊರಿನ ಆಯವ್ಯಯ ಪುಸ್ತಕದಲ್ಲಿ ನೀರಿನ ಶುಲ್ಕದ ವಸೂಲಿ ಮತ್ತು ಪಂಪಿನ ವಿದ್ಯುತ್ ಬಿಲ್ಲು, ಈ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಆಮೇಲೆ ಮೇಲಿನ 0.42 ಯೂನಿಟ್ ಲೆಕ್ಕ ಬಳಸಿ, ಸೋರಿಕೆ ಶೇ 15ರ ಬದಲು 35 ಆದರೆ ಬಿಲ್ಲು ಎಷ್ಟು ಏರುತ್ತದೆ ಎಂದು ಹಾಕಿ ನೋಡಿ.