ಪಾಪ್ ಆರ್ಟ್ ಕಚ್ಚಾ ಸ್ಕೆಚ್‌ಗಳು: ಅಳತೆ ಕೂಡಲ್ಲ ಅಂತ ನಾನು ತಲೆ ಕೆಡಿಸ್ಕೊಂಡ ಕಥೆ

ಪಾಪ್ ಆರ್ಟ್ ಅಂದ್ರೆ ಕಾಮಿಕ್ಸ್, ಜಾಹೀರಾತು ಥರದ ಚಿತ್ರಗಳನ್ನೇ ಕಲೆ ಮಾಡ್ಕೊಂಡ ಶೈಲಿ, ಅದಕ್ಕಿಂತ ಜಾಸ್ತಿ ಇಲ್ಲಿ ಬರಿಯಲ್ಲ, ಅದು ಎಲ್ರ ನೋಟ್ಸಲ್ಲೂ ಇದೆ. ನನ್ನ ತಲೆ ತಿಂದಿದ್ದು ಒಂದೇ ಪ್ರಶ್ನೆ. ಒಂದು ಪೆನ್ಸಿಲ್ ಚಿತ್ರ ಕೈಗೆ ಬಂತು ಅಂದ್ಕೊಳಿ, ಅದು ಪೇಂಟಿಂಗ್‌ಗಿಂತ ಮುಂಚೆ ಕಲಾವಿದನೇ ಹಾಕಿದ್ದಾ, ಇಲ್ಲ ಆಮೇಲೆ ಯಾರೋ ಪೇಂಟಿಂಗ್ ನೋಡ್ಕೊಂಡು ಬರ್ದಿದ್ದಾ? ಕಲೆಕ್ಟರ್ ದುಡ್ಡು ಕೊಡೋದು ಈ "ಮುಂಚೆ"ಗೇ.

ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಕೆಲ್ಸ ಮಾಡ್ತಿದ್ದ ರೀತಿ ಮೊದ್ಲು. ಕಾಮಿಕ್ಸಲ್ಲಿ ಒಂದು ಚೌಕ ಆರಿಸ್ತಾನೆ, ಅದನ್ನ ಟ್ರೇಸ್ ಮಾಡಲ್ಲ, ನೋಡ್ಕೊಂಡು ಸಣ್ಣ ಕಾಗದದಲ್ಲಿ ಕೈಯಿಂದ ಹಾಕ್ತಾನೆ, ಹಾಕ್ತಾ ಹಾಕ್ತಾನೇ ಬದಲಾಯಿಸ್ತಾನೆ. ಆಮೇಲೆ ಆ ಸ್ಕೆಚ್ಚನ್ನ ಪ್ರೊಜೆಕ್ಟರಲ್ಲಿ ಕ್ಯಾನ್ವಾಸ್ ಮೇಲೆ ಬಿಟ್ಟು ಗೆರೆ ಎಳ್ಕೊಂಡು, ಅಲ್ಲೂ ಮತ್ತೆ ತಿದ್ತಾನೆ. ಕಾಮಿಕ್ಸ್ ಮುದ್ರಣದಲ್ಲಿ ಕಾಣೋಂಥ ಚುಕ್ಕಿಗಳನ್ನ ಸ್ಟೆನ್ಸಿಲ್ (ತೂತಿರೋ ಹಾಳೆ) ಇಟ್ಟು ಹಾಕ್ತಾನೆ. ದೊಡ್ಡದು ಮಾಡೋಕೆ ಪ್ರೊಜೆಕ್ಟರ್ ಇದ್ದಿದ್ರಿಂದ ಸ್ಕೆಚ್ ಅಂಗೈ ಅಗಲ ಇದ್ರೂ ನಡೀತಿತ್ತು.

ಈಗ ನಾನು ಎಡವಿದ ಜಾಗ. ಅವನ "ವ್ಹಾಮ್!" ಪೇಂಟಿಂಗ್ ತಗೊಳಿ, 1963ರದ್ದು, ಮೂಲ 1962ರ ಒಂದು ಯುದ್ಧದ ಕಾಮಿಕ್. ಪೇಂಟಿಂಗನ್ನ ಲಂಡನ್ನಿನ ಟೇಟ್ ಮ್ಯೂಸಿಯಂ 1966ರಲ್ಲಿ ಕೊಂಡ್ಕೊಂತು, ಪೆನ್ಸಿಲ್ ಸ್ಕೆಚ್ಚನ್ನ 1969ರಲ್ಲಿ ಲಿಕ್ಟನ್‌ಸ್ಟೈನೇ ಅವ್ರಿಗೆ ಕೊಟ್ಟ. ಅಂದ್ರೆ ಅಸಲಿನಾ ಅನ್ನೋ ಡೌಟೇ ಇಲ್ಲ, ಪ್ರಾಕ್ಟೀಸ್‌ಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ ಅಂತ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತೆ. ಸ್ಕೆಚ್ ಕಾಗದ 14.9 × 30.5 ಸೆಂ.ಮೀ., ಅಗಲ ಭಾಗಿಸು ಎತ್ತರ, ಸುಮಾರು 2.05. ಪೇಂಟಿಂಗ್ ಎರಡು ಕ್ಯಾನ್ವಾಸ್ ಸೇರಿ 172.7 × 406.4, ಭಾಗಿಸಿದ್ರೆ 2.35. ಕೂಡ್ಲಿಲ್ಲ! ಎತ್ತರ, ಅಗಲ ಅದಲು ಬದಲು ಮಾಡ್ಕೊಂಡ್ನಾ ಅಂತ ಮೂರು ಸಲ ಹಾಕಿದೆ, ಅದೇ ಬಂತು. ಪ್ರೊಜೆಕ್ಟರಲ್ಲಿ ಬಿಟ್ಟಿದ್ದಾದ್ರೆ ಅನುಪಾತ ಒಂದೇ ಇರ್ಬೇಕಲ್ವಾ ಅಂತ ರಾತ್ರಿಯೆಲ್ಲ ಅದೇ ಯೋಚನೆ.

ತಪ್ಪು ಎರಡು ಕಡೆ ಇತ್ತು. ಒಂದು, ನಾನು ಅಳೆದಿದ್ದು ಕಾಗದನ, ಚಿತ್ರನ ಅಲ್ಲ. ಕ್ಯಾಟಲಾಗಲ್ಲಿ ಕೊಡೋ ಅಳತೆ ಹಾಳೆಯ ಅಂಚಿಂದ ಅಂಚಿಗೆ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತೆ ಅನ್ನೋದು ಬೇರೇನೇ ಲೆಕ್ಕ. ಎರಡು, ಇದೇ ಮುಖ್ಯ, ಸ್ಕೆಚ್ಚಿಗೂ ಪೇಂಟಿಂಗಿಗೂ ನಡುವೆ ಅವ್ನು ಮನಸ್ಸು ಬದಲಾಯಿಸ್ತಾನೆ. ಕೂಡದೇ ಇರೋದು ಅನುಮಾನ ಪಡೋ ವಿಷ್ಯ ಅಲ್ಲ, ಎಲ್ಲಾ ಗೆರೆನೂ ಪೇಂಟಿಂಗ್ ಮೇಲೆ ಕರೆಕ್ಟಾಗಿ ಕೂತ್ರೆ ಆಗ ಅನುಮಾನ ಪಡ್ಬೇಕು. ನಾನೇ ಒಂದು ಪ್ರಿಂಟ್‌ಔಟನ್ನ ಕಿಟಕಿ ಗಾಜಿಗೆ ಒತ್ತಿ ಹಿಡಿದು ಟ್ರೇಸ್ ಮಾಡಿ ನೋಡ್ದೆ. ಗೆರೆ ಪೂರ್ತಿ ಒಂದೇ ದಪ್ಪ, ಎಲ್ಲೂ ಅಳಿಸಿಲ್ಲ, ಒಂದೇ ಒಂದು ಕಡೆ ಕೈ ತಡವರಿಸಿಲ್ಲ. ಯೋಚ್ನೆ ಮಾಡ್ತಾ ಹಾಕಿದ ಸ್ಕೆಚ್ ಹಾಗಿರಲ್ಲ. "ವ್ಹಾಮ್!" ಸ್ಕೆಚ್ಚಲ್ಲಿ ಎಲ್ಲಿ ಯಾವ ಬಣ್ಣ ಅಂತ ತನಗೇ ಗುರುತು ಬರ್ಕೊಂಡಿದಾನೆ, ಮುಗಿದ ಪೇಂಟಿಂಗ್ ಎದುರಿಗಿದ್ರೆ ಅದನ್ನ ಯಾಕೆ ಬರ್ಕೋತಾನೆ ಹೇಳಿ?

ಆದ್ರೆ ಇಷ್ಟು ನನಗೇ ಗೊತ್ತಾಗತ್ತೆ ಅಂದ್ರೆ ನಕಲಿ ಮಾಡೋನಿಗೆ ಗೊತ್ತಿರಲ್ವಾ. ಬೇಕಂತಲೇ ನಾಲ್ಕು ಗೆರೆ ಅಳಿಸಿ, "ಕೆಂಪು" ಅಂತ ಬರೆದು ಕೊಡ್ತಾನೆ. ಹಾಗಾಗಿ ಇದೆಲ್ಲ ಮೊದಲ ಜರಡಿ ಅಷ್ಟೇ, ಉಳಿದಿದ್ದು ದಾಖಲೆ. ಇನ್ನೊಬ್ಬ ಪಾಪ್ ಕಲಾವಿದ ಆಂಡಿ ವಾರ್ಹಾಲ್‌ನ ಕೃತಿಗಳು ಅಸಲಿನಾ ಅಂತ ಹೇಳೋಕೆ 1995ರಿಂದ ಒಂದು ದೃಢೀಕರಣ ಮಂಡಳಿ ಇತ್ತು, ಒಪ್ಪದಿದ್ರೆ ಕೃತಿಯ ಬೆನ್ನಿಗೇ "ಡಿನೈಡ್" (ಒಪ್ಪಿಲ್ಲ) ಅಂತ ಮುದ್ರೆ ಒತ್ತಿ ಕಳಿಸ್ತಿದ್ರು (ಪಾಪ ಆ ಓನರ್). 2012ರಲ್ಲಿ ಅದು ಮುಚ್ಚಿತು, ಲಿಕ್ಟನ್‌ಸ್ಟೈನ್ ಫೌಂಡೇಶನ್ ಕೂಡ ಸರ್ಟಿಫಿಕೇಟ್ ಕೊಡೋದು ನಿಲ್ಲಿಸ್ತು. ಈಗ ನೋಡೋದು ಆ ಕಲಾವಿದನ ಸಮಗ್ರ ಕೃತಿಪಟ್ಟಿಯಲ್ಲಿ ಇದೆಯಾ, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಸರಪಳಿ ಎಲ್ಲಾದ್ರೂ ತುಂಡಾಗಿದೆಯಾ ಅಂತ. ಫ್ರೇಮ್ ಹಿಂದೆ ಲಿಯೋ ಕ್ಯಾಸ್ಟೆಲಿ (ಲಿಕ್ಟನ್‌ಸ್ಟೈನ್ ಕೃತಿಗಳನ್ನ ಮಾರ್ತಿದ್ದ ನ್ಯೂಯಾರ್ಕ್ ವ್ಯಾಪಾರಿ) ಗ್ಯಾಲರಿ ಚೀಟಿ ಇದೆ ಅಂತ ಕುಣಿಯೋಕೆ ಹೋಗ್ಬೇಡಿ. ಚೀಟಿ ಅಂಟಿರೋದು ಫ್ರೇಮಿಗೆ, ಫ್ರೇಮ್ ಬಿಚ್ಚಿ ಬೇರೆ ಚಿತ್ರ ಕೂರಿಸೋಕೆ ಹತ್ತು ನಿಮಿಷ ಸಾಕು. ಆ ಗ್ಯಾಲರಿಯ ಹಳೇ ಕಡತಗಳು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಲಾ ದಾಖಲೆ ಸಂಗ್ರಹದಲ್ಲಿವೆ, ಚೀಟಿಯಲ್ಲಿರೋದನ್ನ ಅದ್ರ ಜೊತೆ ತಾಳೆ ನೋಡ್ಬೇಕು.

ಉಳಿದ ಪಾಪ್ ಕಲಾವಿದರು ಬೇಗ ಬೇಗ. ವೆಸ್ಸೆಲ್‌ಮನ್‌ನ "ಸ್ಟೀಲ್ ಡ್ರಾಯಿಂಗ್" ಅನ್ನೋ ಹೆಸ್ರು ನೋಡಿ ಮೋಸ ಹೋಗ್ಬೇಡಿ, ಅದು ಲೋಹ ಕತ್ತರಿಸಿ ಮಾಡಿದ ಪೂರ್ತಿ ಕೃತಿ, ತಯಾರಿ ಅಲ್ಲ. ರೋಸೆನ್‌ಕ್ವಿಸ್ಟ್ ಮುಂಚೆ ಜಾಹೀರಾತು ಬೋರ್ಡ್ ಬರೀತಿದ್ದೋನು, ಅವನ ತಯಾರಿ ಅಂದ್ರೆ ಪೆನ್ಸಿಲ್‌ಗಿಂತ ಜಾಸ್ತಿ ಕತ್ತರಿ: ಪತ್ರಿಕೆ ಚಿತ್ರಗಳನ್ನ ಕತ್ತರಿಸಿ ಜೋಡಿಸಿ, ಮೇಲೆ ಚೌಕದ ಗೆರೆ ಎಳೆದು, ಅದನ್ನ ನೋಡಿ ದೊಡ್ಡದು ಮಾಡ್ತಿದ್ದ. ಅಂಥದ್ರಲ್ಲಿ ಟೇಪ್ ಹಳದಿಯಾಗಿ ಸುರುಳಿ ಸುತ್ಕೊಂಡಿದ್ರೆ, ಬಣ್ಣ ಸಿಡಿದಿದ್ರೆ, ಗಲೀಜು ಅಂತ ಕ್ಲೀನ್ ಮಾಡೋಕೆ ಹೋಗ್ಬೇಡಿ. ಆ ಟೇಪ್ ಅಂಟಿಸಿದ್ದು ಅವ್ನೇ.